ಹಂಪಿಯಲ್ಲಿ ಮೂರು ದಿನ: ಕಥೆ ಎಲ್ಲಿ ಸಿಕ್ಕೀತು?

ನಮಸ್ಕಾರ. ಮೂರು ದಿನಗಳ ರಜೆಯಲ್ಲಿ ಹಂಪಿಗೆ ಹೊರಟಿರುವುದಾಗಿಯೂ, ಹಿಂದಿನ ಪ್ರವಾಸಗಳಿಂದ ನೂರಾರು ಫೋಟೊಗಳ ಹೊರತು ಒಂದು ಕಥೆಯೂ ಹುಟ್ಟಲಿಲ್ಲವೆಂದೂ ತಿಳಿಸಿ, ಈ ಬಾರಿ ಏನು ಮಾಡಬೇಕೆಂದು ಕೇಳಿದ್ದೀರಿ. ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸುವುದೇ ಮೊದಲ ಕೆಲಸವೆಂದು ನನ್ನ ಅಭಿಪ್ರಾಯ. ವಿಜಯನಗರದ ವೈಭವವನ್ನೂ 1565ರ ಸೋಲನ್ನೂ ಕುರಿತು ಬೇಕಾದಷ್ಟು ಬರೆದಾಗಿದೆ. ಅದನ್ನೇ ವರ್ಣಿಸಲು ಕುಳಿತರೆ ಗೈಡುಗಳ ಭಾಷೆ ತಾನಾಗಿ ನುಸುಳುತ್ತದೆ.

ಅದರ ಬದಲು ವಿರೂಪಾಕ್ಷ ದೇವಾಲಯದಲ್ಲಿ, ಸಣ್ಣ ಕಿಂಡಿಯಿಂದ ಬರುವ ಬೆಳಕು ರಾಜಗೋಪುರದ ನೆರಳನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುವ ಕತ್ತಲ ಜಾಗದಲ್ಲಿ ಅರ್ಧ ಗಂಟೆ ನಿಲ್ಲಿ. ನೆರಳಿಗಿಂತ ಅದನ್ನು ನೋಡಲು ಬಂದವರನ್ನು ಗಮನಿಸಿ. ದೇವರ ಮಹಿಮೆಯೆಂದು ಕೈಮುಗಿಯುವ ಅಜ್ಜಿಗೆ, ಇದು ಬೆಳಕಿನ ನಿಯಮವಷ್ಟೇ ಎಂದು ವಿವರಿಸಲು ಹೊರಟ ಮೊಮ್ಮಗ ಮಾತನ್ನು ಅರ್ಧಕ್ಕೇ ನಿಲ್ಲಿಸಿದನೆಂದುಕೊಳ್ಳಿ. ಅವನೇಕೆ ಸುಮ್ಮನಾದ ಎಂಬಲ್ಲಿಂದ ಕಥೆ ಆರಂಭವಾಗಬಹುದು. ತುಂಗಭದ್ರೆಯ ದಡದಲ್ಲಿ ಹರಿಗೋಲು ನಡೆಸುವವರ ಮಾತನ್ನೂ ಕೇಳಿಸಿಕೊಂಡು, ಆ ಸೀಮೆಯ ಕನ್ನಡವನ್ನು ತಿದ್ದದೆ ಇದ್ದಂತೆಯೇ ಬರೆದುಕೊಳ್ಳಿ.

ಅಲ್ಲಿಯೇ ಕಥೆ ಮುಗಿಸುವ ಹಠ ಮಾತ್ರ ಬೇಡ. (ಮಾತಂಗ ಬೆಟ್ಟದ ಮೇಲೆ ಹಾಗೆ ಹಠ ಹಿಡಿದು ಕುಳಿತು ನಾನು ಸೂರ್ಯಾಸ್ತವನ್ನೂ ಕಳೆದುಕೊಂಡೆ, ಕಥೆಯನ್ನೂ.) ರಾತ್ರಿ ಮಲಗುವ ಮುನ್ನ ಒಂದು ಪುಟದ ಟಿಪ್ಪಣಿ ಸಾಕು. ಊರಿಗೆ ಮರಳಿ ಎರಡು ವಾರ ಕಳೆದ ಮೇಲೆ, ಫೋಟೊಗಳನ್ನು ತೆರೆಯದೆ, ನೆನಪಿನಲ್ಲಿ ಉಳಿದದ್ದನ್ನಷ್ಟೇ ಇಟ್ಟುಕೊಂಡು ಬರೆಯಲು ತೊಡಗಿ.