‘ವೆಲ್‌ಕಮ್ ಟು ದಿ ಎನ್‌ಎಚ್‌ಕೆ’ ಮಂಗಾದ ಸಾತೋ ಬರೀ ಸೋಮಾರಿನಾ?

ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ, ಬೇರೆಯವರಿಗೂ ಗೊತ್ತಾಗಲಿ. ‘ವೆಲ್‌ಕಮ್ ಟು ದಿ ಎನ್‌ಎಚ್‌ಕೆ’ ಅನ್ನೋ ಮಂಗಾದ, ಅಂದರೆ ಜಪಾನಿ ಕಾಮಿಕ್ಸ್‌ನ, ಮೊದಲ ಮೂರು ಸಂಪುಟ ಓದಿದ್ದೀರಿ. ನಾಯಕ ಸಾತೋಗೆ ಇಪ್ಪತ್ತೆರಡು ವರ್ಷ. ಕಾಲೇಜು ಬಿಟ್ಟಿದ್ದಾನೆ, ರೂಮಿನಲ್ಲೇ ಕೂತು ನಾಲ್ಕನೇ ವರ್ಷ. ಊರಿಂದ ಅಪ್ಪ ಅಮ್ಮ ದುಡ್ಡು ಕಳಿಸುತ್ತಾರೆ. ಮಿಸಾಕಿ ಅನ್ನೋ ಹುಡುಗಿ ತಾನಾಗಿಯೇ ಬಂದು ನಿನ್ನನ್ನು ಸರಿಮಾಡುತ್ತೇನೆ ಅನ್ನುತ್ತಾಳೆ. ಆದರೂ ಇವನು ಮೇಲೇಳುವುದಿಲ್ಲ. ‘ಇವನು ಬರೀ ಸೋಮಾರಿ ಅಲ್ವಾ? ಜಪಾನಿನಲ್ಲಿ ನಿಜಕ್ಕೂ ಇಂಥವರು ಇರ್ತಾರಾ? ಸಿಟ್ಟು ಬಂದು ಪುಸ್ತಕ ಮುಚ್ಚಿಟ್ಟಿದ್ದೀನಿ, ಮುಂದೆ ಓದಲಾ?’ ಅಂತ ಕೇಳಿದ್ದೀರಿ.

ಓದಿ. ಸಿಟ್ಟು ಬಂದಿದ್ದರಲ್ಲಿ ತಪ್ಪೇನಿಲ್ಲ, ನನಗೂ ಬಂದಿತ್ತು. ಸೋಮಾರಿ ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ.

ಸೋಮಾರಿ ಅಂದರೆ ಕೆಲಸ ಮಾಡದೆ ಆರಾಮಾಗಿ ಇರುವವನು. ಸಾತೋ ಒಂದು ಪುಟದಲ್ಲಾದರೂ ಆರಾಮಾಗಿ ಇದ್ದಾನಾ? ಎದ್ದರೆ ತನ್ನನ್ನು ತಾನೇ ಬೈದುಕೊಳ್ಳುತ್ತಾನೆ. ಅದು ಸಾಲದು ಅಂತ ತಲೆಯೊಳಗೆ ಒಂದು ದೊಡ್ಡ ಸಂಚಿನ ಕಥೆ ಕಟ್ಟಿಕೊಂಡಿದ್ದಾನೆ. ಎನ್‌ಎಚ್‌ಕೆ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ. ಟೀವಿ ಇರುವ ಮನೆಯವರು ಅದಕ್ಕೆ ಶುಲ್ಕ ಕಟ್ಟಬೇಕು. ಸಾತೋ ಪ್ರಕಾರ ಅದು ‘ನಿಹೊನ್ ಹಿಕಿಕೊಮೊರಿ ಕ್ಯೋಕಾಯ್’, ಅಂದರೆ ತನ್ನಂತೆ ಮನೆಯೊಳಗೇ ಸೇರಿಕೊಂಡ ಹಿಕಿಕೊಮೊರಿಗಳನ್ನು ತಯಾರು ಮಾಡುವ ಗುಪ್ತ ಸಂಘ! ಓದುವಾಗ ನಗು ಬರುತ್ತೆ. ಆದರೆ ಸುಮ್ನೆ ಕಾಲ ಕಳೆಯುವವನಿಗೆ ಇಂಥ ಸಂಚು ಬೇಕಾಗಲ್ಲ. ‘ತಪ್ಪು ನಂದೇ’ ಅನ್ನೋದು ಹಗಲು ರಾತ್ರಿ ಕೊರೆಯುತ್ತಿರುವವನಿಗೆ ಮಾತ್ರ ಇನ್ಯಾರಾದರೂ ತಪ್ಪಿತಸ್ಥರು ಸಿಕ್ಕರೆ ಸಾಕು ಅನ್ನಿಸುತ್ತದೆ.

ಶುರುವಿನಲ್ಲಿ ಬರುವ ಆ ಬಾಗಿಲ ದೃಶ್ಯವನ್ನು ಇನ್ನೊಮ್ಮೆ ನೋಡಿ. ಧರ್ಮಪ್ರಚಾರಕ್ಕೆ ಒಬ್ಬ ಹೆಂಗಸು ಬಂದಿದ್ದಾರೆ, ಹಿಂದೆ ಮಿಸಾಕಿ ನಿಂತಿದ್ದಾಳೆ. ಕೊಟ್ಟ ಕರಪತ್ರದಲ್ಲಿ ಹಿಕಿಕೊಮೊರಿ ಬಗ್ಗೆ ಏನೋ ಬರೆದಿದೆ. ತೆಗೆದುಕೊಂಡು ಬಾಗಿಲು ಹಾಕಿದ್ದರೆ ಅಲ್ಲಿಗೆ ಮುಗೀತಿತ್ತು. ಸಾತೋ ಕೂಗಾಡುತ್ತಾನೆ, ನಾನು ಅಂಥವನಲ್ಲ ಅಂತ. ಆಮೇಲೆ ಛಲ ಬಂದು ಪಾರ್ಟ್ ಟೈಮ್ ಕೆಲಸ ಕೇಳೋಣ ಅಂತ ಮಂಗಾ ಕೆಫೆಗೆ ಹೋಗುತ್ತಾನೆ. ಕೌಂಟರಿನಲ್ಲಿ ಅದೇ ಹುಡುಗಿ. ಓಡಿಬರುತ್ತಾನೆ. ಕೆಲಸ ಬೇಡ ಅಂತ ಓಡಿದ್ದಲ್ಲ, ಗುರುತು ಸಿಕ್ಕಿಬಿಟ್ಟಿತು ಅಂತ ಓಡಿದ್ದು.

ಆಮೇಲೆ ಸುಳ್ಳುಗಳು. ತಾನು ಮನೆಯಿಂದಲೇ ಕೆಲಸ ಮಾಡುವ ಕ್ರಿಯೇಟರ್ ಅಂತ ಮಿಸಾಕಿಗೆ ಹೇಳುತ್ತಾನೆ. ಹೇಳಿದ ಮೇಲೆ ಏನಾದರೂ ತೋರಿಸಬೇಕಲ್ಲ? ಪಕ್ಕದ ರೂಮಿನ ಯಾಮಾಝಾಕಿಯನ್ನು ಹಿಡಿದುಕೊಂಡು ಗೇಮ್ ಮಾಡಲು ಕೂರುತ್ತಾನೆ. ಇದೇ ಕಥೆಯ ಅನಿಮೆಯಲ್ಲಂತೂ (ಟೀವಿ ಕಾರ್ಟೂನ್ ಸರಣಿ) ಅಮ್ಮ ನೋಡೋಕೆ ಬರುವಾಗ ಕೆಲಸವೂ ಇದೆ, ಹುಡುಗಿಯೂ ಇದ್ದಾಳೆ ಅನ್ನುವವರೆಗೆ ಹೋಗುತ್ತದೆ. ಈ ನಾಚಿಕೆ ಬಡ್ಡಿ ಸಾಲದ ಹಾಗೆ, ತಿಂಗಳು ಕಳೆದಷ್ಟೂ ಬೆಳೆಯುತ್ತದೆ. ಮೊದಲ ವಾರ ಹೊರಗೆ ಬಂದಿದ್ದರೆ ‘ಜ್ವರ ಇತ್ತು’ ಅಂದರೆ ಸಾಕಿತ್ತು. ನಾಲ್ಕನೇ ವರ್ಷ ಬಂದರೆ ಏನು ಹೇಳ್ತಾನೆ? ಸೋಮಾರಿತನ ಅಂತ ನಮಗೆ ಕಾಣೋದು ಒಳಗಿನಿಂದ ನೋಡಿದರೆ ಮುಖ ತೋರಿಸಲಾಗದ ಸ್ಥಿತಿ.

ಜಪಾನಿನಲ್ಲಿ ಇದು ಇನ್ನೂ ಬಿಗಿ, ಯಾಕೆಂದರೆ ಅಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳುವ ಪದ್ಧತಿಯೇ ಹಾಗಿದೆ. ದೊಡ್ಡ ಕಂಪನಿಗಳು ಪದವಿ ಮುಗಿಸುವ ಹುಡುಗರನ್ನು ಒಟ್ಟಿಗೆ ಆರಿಸಿ ಏಪ್ರಿಲ್ 1ಕ್ಕೆ ಸೇರಿಸಿಕೊಳ್ಳುತ್ತವೆ. ಆ ಒಂದು ಸಲ ತಪ್ಪಿತು ಅಂದರೆ ಆಮೇಲೆ ಒಳ್ಳೆ ಕಾಯಂ ಕೆಲಸ ಸಿಗುವುದು ಕಷ್ಟ. 1990ರ ದಶಕದ ಶುರುವಿನಲ್ಲಿ ಷೇರು, ಜಮೀನಿನ ಬೆಲೆ ಕುಸಿದ ಮೇಲೆ ಸುಮಾರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದನ್ನೇ ಕಡಿಮೆ ಮಾಡಿದವು. ಸಾತೋ ಆ ಕಾಲದ ಹುಡುಗ. ಪದವಿ ಮುಗಿಸಿದವರಿಗೇ ಜಾಗ ಇಲ್ಲ, ಇವನು ಅದನ್ನೂ ಮುಗಿಸಿಲ್ಲ.

ಕಥೆ ನಡೆಯುವ ಇಕುತಾ ನಿಜವಾದ ಜಾಗ. ತೋಕ್ಯೋ ಪಕ್ಕದ ಕವಾಸಾಕಿ ನಗರದಲ್ಲಿದೆ. ಕೆಲಸದ ಮೇಲೆ ಆ ಕಡೆ ಇದ್ದಾಗ ಒದಾಕ್ಯೂ ರೈಲಿನಲ್ಲಿ ಅದನ್ನು ದಾಟಿ ಓಡಾಡುತ್ತಿದ್ದೆ. ಎಕ್ಸ್‌ಪ್ರೆಸ್ ನಿಲ್ಲದ ಸಾಧಾರಣ ಸ್ಟೇಷನ್. ಸುತ್ತ ದಿಣ್ಣೆಗಳು. ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಇರುವುದರಿಂದ ಒಂದೇ ಕೋಣೆಯ ಬಾಡಿಗೆ ಮನೆಗಳು ಜಾಸ್ತಿ. ಅಲ್ಲಿ ಯಾರ ಜೊತೆಗೂ ಮಾತಾಡದೆ ಬದುಕೋದು ಎಷ್ಟು ಸುಲಭ ಅಂದರೆ, ರಾತ್ರಿ ಎರಡು ಗಂಟೆಗೆ ಕನ್ವೀನಿಯನ್ಸ್ ಸ್ಟೋರಿಗೆ ಹೋಗಿ ಬೆಂತೋ ಅನ್ನೋ ಊಟದ ಡಬ್ಬಿ ಕೌಂಟರಿನ ಮೇಲೆ ಇಟ್ಟರೆ ಆಯಿತು. ‘ಬಿಸಿ ಮಾಡಿ ಕೊಡಲಾ’ ಅಂತ ಕೇಳುತ್ತಾರೆ. ತಲೆ ಆಡಿಸಿದರೆ ಸಾಕು. ದುಡ್ಡನ್ನು ಅವರ ಕೈಗೂ ಕೊಡಬೇಕಿಲ್ಲ, ಚಿಕ್ಕ ತಟ್ಟೆ ಇಟ್ಟಿರುತ್ತಾರೆ, ಅದರಲ್ಲಿ ಇಡೋದು. ಜಪಾನಿನ ಸರಕಾರ ಹಿಕಿಕೊಮೊರಿ ಲೆಕ್ಕ ಹಾಕುವಾಗ ರೂಮು ಬಿಟ್ಟೇ ಬರದವರನ್ನು ಮಾತ್ರ ಎಣಿಸುವುದಿಲ್ಲ. ಆರು ತಿಂಗಳಿಂದ ಕೆಲಸ, ಓದು ಏನೂ ಇಲ್ಲದೆ, ಹತ್ತಿರದ ಅಂಗಡಿಗೆ ಮಾತ್ರ ಹೋಗಿಬರುವವರನ್ನೂ ಸೇರಿಸುತ್ತದೆ. ಅದಕ್ಕೇ ಸಾತೋ ಕಥೆಯಲ್ಲಿ ಅಷ್ಟೆಲ್ಲ ಓಡಾಡಿದರೂ ಹಿಕಿಕೊಮೊರಿಯೇ.

ಇಂಥವರು ಇರ್ತಾರಾ ಅಂದಿರಲ್ಲ. 2023ರಲ್ಲಿ ಹೊರಬಂದ ಸರಕಾರಿ ಸಮೀಕ್ಷೆಯ ಅಂದಾಜಿನಂತೆ 15ರಿಂದ 64 ವಯಸ್ಸಿನವರಲ್ಲಿ 14 ಲಕ್ಷ 60 ಸಾವಿರ ಜನ. ಸುಮಾರು ಐವತ್ತಕ್ಕೆ ಒಬ್ಬರು. ಅದಕ್ಕೂ ಮುಂಚೆ, 2019ರಲ್ಲಿ, 40 ದಾಟಿದವರ ಲೆಕ್ಕ ಮೊದಲ ಸಲ ಹೊರಗೆ ಬಂತು, 6 ಲಕ್ಷ 13 ಸಾವಿರ. ಇದು ಹುಡುಗರ ಸಮಸ್ಯೆ ಅಂದುಕೊಂಡಿದ್ದವರಿಗೆ ಶಾಕ್. ಲೆಕ್ಕ ಹಾಕಿ ನೋಡಿ, ಮೂಲ ಕಾದಂಬರಿ ಬಂದಿದ್ದು 2002ರಲ್ಲಿ. ಆಗ ಇಪ್ಪತ್ತೆರಡು ಇದ್ದ ಸಾತೋ ನಿಜವಾದ ಮನುಷ್ಯ ಆಗಿದ್ದರೆ ಇವತ್ತಿಗೆ ನಲವತ್ತು ದಾಟಿರುತ್ತಿತ್ತು. ದುಡ್ಡು ಕಳಿಸುವ ಅಪ್ಪ ಅಮ್ಮನಿಗೆ ಎಪ್ಪತ್ತರ ಮೇಲೆ. ಅಲ್ಲಿ ಇದಕ್ಕೆ ‘8050 ಸಮಸ್ಯೆ’ ಅನ್ನುತ್ತಾರೆ: ಎಂಬತ್ತರ ಅಪ್ಪ ಅಮ್ಮ, ಐವತ್ತರ ಮಗ ಅಥವಾ ಮಗಳು, ಒಂದೇ ಪಿಂಚಣಿ.

ಈಗ ಮಿಸಾಕಿ ವಿಚಾರಕ್ಕೆ ಬರೋಣ. ನಿಮ್ಮ ಸಿಟ್ಟಿನ ಅರ್ಧ ಭಾಗ ‘ಪಾಪ ಆ ಹುಡುಗಿ ಇಷ್ಟು ಮಾಡ್ತಾಳೆ, ಇವನಿಗೆ ಬೆಲೆ ಗೊತ್ತಿಲ್ಲ’ ಅನ್ನೋದು. ಅವಳು ಮಾಡೋದು ಏನು ಅಂತ ಸ್ವಲ್ಪ ನೋಡಿ. ಒಪ್ಪಂದ ಬರೆದು ಸಹಿ ಹಾಕಿಸಿಕೊಳ್ಳುತ್ತಾಳೆ, ಮುರಿದರೆ ಹತ್ತು ಲಕ್ಷ ಯೆನ್ ದಂಡ. ರಾತ್ರಿ ಪಾರ್ಕಿನಲ್ಲಿ ಪಾಠ. ನೋಟ್‌ಬುಕ್ ಹಿಡಿದು ಫ್ರಾಯ್ಡ್, ಯೂಂಗ್ ಅಂತ ಮನಶ್ಶಾಸ್ತ್ರ ಒಪ್ಪಿಸುತ್ತಾಳೆ. ಪ್ರತಿ ಭೇಟಿಯಲ್ಲೂ ಅವನಿಗೆ ಮೊದಲು ಗೊತ್ತಾಗೋದು ಒಂದೇ: ನೀನು ಕೆಟ್ಟುಹೋಗಿದ್ದೀಯ, ನಾನು ರಿಪೇರಿ ಮಾಡ್ತೀನಿ. ಮುಖ ತೋರಿಸೋಕೆ ನಾಚಿಕೆ ಪಡುವವನಿಗೆ ಇದಕ್ಕಿಂತ ಕೆಟ್ಟ ಔಷಧ ಉಂಟಾ? ಅವಳಿಗೆ ಈ ಕೆಲಸ ಯಾಕೆ ಅಷ್ಟು ಬೇಕಾಗಿತ್ತು ಅನ್ನೋದು ಮುಂದೆ ಗೊತ್ತಾಗುತ್ತೆ. ಹೇಳಿ ಕೆಡಿಸಲ್ಲ. ಆದರೆ ಅವಳನ್ನು ದೇವತೆ ಅಂದುಕೊಂಡು ಓದಬೇಡಿ.

ಯಾಮಾಝಾಕಿಯನ್ನು ಇದರ ಪಕ್ಕದಲ್ಲಿ ಇಡಿ. ಅವನೇನು ಒಳ್ಳೆಯವನಲ್ಲ. ಬಾಯಿ ಹೊಲಸು, ಹೆಂಗಸರ ಬಗ್ಗೆ ಆಡುವ ಮಾತು ಕೇಳಿದರೆ ಕೆನ್ನೆಗೆ ಬಾರಿಸೋಣ ಅನ್ನಿಸುತ್ತೆ. ಆದರೆ ಅವನು ಸಾತೋನನ್ನು ಗುಣಪಡಿಸೋಕೆ ಹೋಗಲ್ಲ. ‘ಸೆನ್‌ಪಾಯ್ (ಅಂದರೆ ಸೀನಿಯರ್), ಗೇಮಿಗೆ ಕಥೆ ಬರೀರಿ, ಇನ್ನೂ ಯಾಕೆ ಆಗಿಲ್ಲ’ ಅಂತ ಜೀವ ತಿನ್ನುತ್ತಾನೆ. ಶಾಲೆಯಲ್ಲಿ ತನ್ನನ್ನು ಬೇರೆ ಹುಡುಗರು ಹೊಡೆಯುವಾಗ ಇದೇ ಸಾತೋ ಅಡ್ಡ ಬಂದಿದ್ದ ಅನ್ನೋದು ಅವನಿಗೆ ನೆನಪಿದೆ. ಅವನ ಕಣ್ಣಿಗೆ ಸಾತೋ ರೋಗಿ ಅಲ್ಲ, ಸೀನಿಯರ್. ಸಾತೋ ತೋಕ್ಯೋದಲ್ಲಿ ಗೇಮ್, ಅನಿಮೆ ಅಂಗಡಿಗಳಿರುವ ಅಕಿಹಾಬರಾದ ಜನಜಂಗುಳಿಗೆ ಹೋಗುವುದು, ರಾತ್ರಿಯಿಡೀ ಕೂತು ಬರೆಯುವುದು ಇವನ ಜೊತೆಗೇ. ಮಾಡುತ್ತಿರುವ ಗೇಮ್ ಅಶ್ಲೀಲದ್ದು, ಅದು ಬೇರೆ ಮಾತು. ‘ನೀನಿಲ್ಲದೆ ಈ ಕೆಲಸ ನಿಲ್ಲುತ್ತೆ’ ಅನ್ನೋರು ಒಬ್ಬರು ಸಿಕ್ಕಿದ್ದಾರೆ, ನನ್ನ ಪ್ರಕಾರ ಇಡೀ ಕಥೆಯಲ್ಲಿ ಸಾತೋನನ್ನು ಅಲ್ಲಾಡಿಸಿದ್ದು ಅದೇ.

ಇದು ಕಥೆಯಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಕಿತಾ ಪ್ರಾಂತ್ಯದಲ್ಲಿ ಫುಜಿಸಾತೋ ಅಂತ ಒಂದು ಬೆಟ್ಟಗಾಡಿನ ಊರು, 2010ರ ಸುಮಾರಿಗೆ ನಾಲ್ಕು ಸಾವಿರದ ಆಸುಪಾಸು ಜನ ಇದ್ದರು. ಅಲ್ಲಿನ ಸಮಾಜ ಕಲ್ಯಾಣ ಮಂಡಳಿಯವರು ಮನೆ ಮನೆಗೆ ಹೋಗಿ ವಿಚಾರಿಸಿದಾಗ, ಕೆಲಸವಿಲ್ಲದೆ ಮನೆಯೊಳಗೇ ಇರುವ ದುಡಿಯುವ ವಯಸ್ಸಿನವರು 113 ಮಂದಿ ಸಿಕ್ಕರು. ಮೊದಲು ಇವರಿಗಾಗಿ ಆಟ, ಮನರಂಜನೆ ಅಂತ ಏರ್ಪಾಡು ಮಾಡಿದರು. ಯಾರೂ ತಲೆ ಹಾಕಲಿಲ್ಲ. ಆಮೇಲೆ ವಯಸ್ಸಾದವರನ್ನು ನೋಡಿಕೊಳ್ಳುವ ಹೋಮ್ ಹೆಲ್ಪರ್ ತರಬೇತಿ ಇದೆ ಅಂತ ಚೀಟಿ ಹಂಚಿದರು. ಬಂದರು! ನಮಗೆ ಬೇಕಾಗಿದ್ದು ಕೆಲಸ, ಸಮಾಧಾನ ಅಲ್ಲ ಅನ್ನೋದು ಅವರ ನಿಲುವು. 2010ರಲ್ಲಿ ‘ಕೊಮಿತ್ತೊ’ ಅನ್ನೋ ಕೇಂದ್ರ ಶುರುವಾಯಿತು, ಅದರಲ್ಲೇ ಒಂದು ಸೋಬಾ (ಜಪಾನಿ ನೂಡಲ್ಸ್) ಹೋಟೆಲು. ಅಲ್ಲಿ ಇವರೇ ಸೋಬಾ ಮಾಡಿ ಬಡಿಸಿದರು. ಊರಿನ ಮೈತಾಕೆ ಅಣಬೆ ಹಾಕಿದ ಕೀಶ್ ಅನ್ನೋ ಪೈ ಮಾಡಿ ಮಾರಿದರು. ಗಿರಾಕಿಗಳು ಊರಿನವರೇ. ಮುಖ ತೋರಿಸಲು ಹೆದರುತ್ತಿದ್ದುದೂ ಅವರಿಗೇ ತಾನೆ? ಕೈಯಲ್ಲಿ ಬಟ್ಟಲು ಇದ್ದರೆ ಹೆದರಿಕೆ ಕಡಿಮೆ ಅಂತ ಕಾಣುತ್ತೆ.

ಒಂದು ಎಚ್ಚರಿಕೆ. ಅನಿಮೆಯ ಕೊನೆಯಲ್ಲಿ ಊರಿಂದ ಬರುವ ದುಡ್ಡು ನಿಲ್ಲುತ್ತದೆ, ಹೊಟ್ಟೆ ಚುರುಗುಟ್ಟಿ ಸಾತೋ ರಸ್ತೆ ಕಾಮಗಾರಿ ಜಾಗದಲ್ಲಿ ವಾಹನಗಳಿಗೆ ಸನ್ನೆ ಮಾಡುವ ಕೆಲಸಕ್ಕೆ ಸೇರುತ್ತಾನೆ. ಇದನ್ನು ನೋಡಿ ಎಷ್ಟೋ ಜನ ‘ನೋಡಿ, ಊಟ ನಿಲ್ಲಿಸಿದರೆ ಎಲ್ಲ ಸರಿಹೋಗ್ತಾರೆ’ ಅನ್ನುತ್ತಾರೆ. ಕಥೆಯಾಗಿ ಚೆನ್ನಾಗಿದೆ. ಆದರೆ 2018ರ ಜನವರಿಯಲ್ಲಿ ಸಾಪ್ಪೊರೋದ ಒಂದು ಮನೆಯಲ್ಲಿ 82ರ ತಾಯಿ, 52ರ ಮಗಳು ಇಬ್ಬರೂ ಸತ್ತುಬಿದ್ದಿದ್ದರು. ಮಗಳು ವರ್ಷಗಳಿಂದ ಹೊರಗೆ ಬಂದಿರಲಿಲ್ಲ. ತಿನ್ನಲು ಇಲ್ಲದೆ, ಚಳಿಗೆ ಹೋದರು, ಬಾಗಿಲು ಮಾತ್ರ ತೆರೆಯಲಿಲ್ಲ. ಹಸಿವಿಗಿಂತ ನಾಚಿಕೆ ದೊಡ್ಡದಾದ ಮನೆಯಲ್ಲಿ ಆ ಔಷಧ ಕೆಲಸ ಮಾಡಲ್ಲ. ದುಡ್ಡು ತೆಗೆದುಕೊಂಡು, ಬಾಗಿಲು ಒಡೆದು ಎಳೆದುಕೊಂಡು ಹೋಗುವ ಖಾಸಗಿ ಸಂಸ್ಥೆಗಳೂ ಅಲ್ಲಿ ಹುಟ್ಟಿಕೊಂಡವು, ಅವುಗಳ ಮೇಲೆ ಕೇಸುಗಳೂ ಬಿದ್ದವು. 1998ರಲ್ಲಿ ಈ ಸಮಸ್ಯೆಯನ್ನು ಜನರ ಮುಂದೆ ತಂದ ಮನೋವೈದ್ಯ ಸಾಯ್ತೋ ತಮಾಕಿ ಹೇಳಿದ್ದು ಬೇರೆ ದಾರಿ. ಬಲವಂತ ಬೇಡ, ಬೈಗುಳ ಬೇಡ, ಮೊದಲು ಮನೆಯವರು ಸಲಹೆಗೆ ಬರಲಿ ಅಂತ. 2009ರಿಂದ ಸರಕಾರವೂ ಇದಕ್ಕೆಂದೇ ಸಹಾಯ ಕೇಂದ್ರಗಳನ್ನು ತೆರೆಯಿತು.

ಮಂಗಾ ಇಷ್ಟು ನಂಬುವ ಹಾಗೆ ಬಂದಿದ್ದಕ್ಕೆ ಕಾರಣ ಬರೆದವರು. ತಕಿಮೋತೊ ತತ್ಸುಹಿಕೋ ತಾವೇ ಹಿಕಿಕೊಮೊರಿಯಾಗಿದ್ದವರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಚಿತ್ರ ಓಇವಾ ಕೆಂಜಿಯವರದು. 2004ರಿಂದ 2007ರವರೆಗೆ ‘ಶೋನೆನ್ ಏಸ್’ ಪತ್ರಿಕೆಯಲ್ಲಿ ಬಂತು, ಒಟ್ಟು ಎಂಟು ಸಂಪುಟ. ನಡುವೆ, 2006ರಲ್ಲಿ, 24 ಕಂತಿನ ಅನಿಮೆ ಬಂತು. ಕಾದಂಬರಿ, ಮಂಗಾ, ಅನಿಮೆ ಮೂರರ ಕೊನೆಯೂ ಒಂದೇ ತರ ಇಲ್ಲ, ಹಾಗಾಗಿ ಒಂದನ್ನು ನೋಡಿ ಇನ್ನೊಂದು ಗೊತ್ತಾಯಿತು ಅಂದುಕೊಳ್ಳಬೇಡಿ. ನನಗೆ ಅನಿಮೆ ಜಾಸ್ತಿ ಇಷ್ಟ. ಮಂಗಾ ನಡುವಿನಲ್ಲಿ ಸ್ವಲ್ಪ ಎಳೆದಾಡುತ್ತದೆ, ಜನರನ್ನು ಸದಸ್ಯರಾಗಿ ಸೇರಿಸುತ್ತಾ ಹೋಗುವ ನೆಟ್‌ವರ್ಕ್ ಮಾರ್ಕೆಟಿಂಗ್ ಭಾಗ ನನಗಂತೂ ಉದ್ದ ಅನ್ನಿಸಿತು.

ನೀವು ನಾಲ್ಕನೇ ಸಂಪುಟ ತೆಗೆಯುವ ಮುಂಚೆ ಇಷ್ಟು ಗೊತ್ತಿರಲಿ. ಚಿಕ್ಕ ಹುಡುಗಿಯರನ್ನು ಕೆಟ್ಟ ದೃಷ್ಟಿಯಿಂದ ನೋಡುವ ಗೇಮ್‌ಗಳು, ಮಾದಕ ವಸ್ತು ಎಲ್ಲ ಬರುತ್ತವೆ, ಆತ್ಮಹತ್ಯೆಯ ವಿಚಾರ ನೇರವಾಗಿಯೇ ಬರುತ್ತದೆ. ಮನಸ್ಸು ಸರಿಯಿಲ್ಲದ ವಾರದಲ್ಲಿ ಓದಬೇಡಿ. ಮನೆಯಲ್ಲಿ ರೂಮು ಹಿಡಿದು ಕೂತ ತಮ್ಮನೋ ತಂಗಿಯೋ ಇದ್ದು, ‘ಓದು, ಬುದ್ಧಿ ಬರುತ್ತೆ’ ಅಂತ ಅವರ ಕೈಗೆ ಕೊಡುವ ಯೋಚನೆ ಇದ್ದರೆ ಅದನ್ನಂತೂ ಬಿಟ್ಟುಬಿಡಿ. ಮಿಸಾಕಿಯ ಕರಪತ್ರ ಕೊಟ್ಟ ಹಾಗೇ ಆಗುತ್ತೆ.