ಗೊಂಬೆಯಾಟ, ಕಾಮಿಕ್ಸ್ ಮಾಡೋ ಫ್ರೆಂಡ್ಸ್ ತಮ್ಮ ಪರಿಚಯನ ತಮಾಷೆಯಾಗಿ ಬರ್ಕೊಳ್ಳೋದು ಹೇಗೆ?

ನೀವು ಕೇಳಿರೋದು ನಂಗೆ ಅರ್ಥ ಆಗಿದ್ದಿಷ್ಟು. ನೀವು ಐದು ಜನ ಫ್ರೆಂಡ್ಸ್, ಮೂವರು ಗೊಂಬೆ ಆಡಿಸ್ತೀರಿ, ಇಬ್ಬರು ಕಾಮಿಕ್ಸ್ ಬರೀತೀರಿ, ಎಲ್ಲಾ ಸೇರಿ ಮಾಡ್ತಿರೋ ಶೋಗೆ ಒಬ್ಬೊಬ್ಬರದ್ದು ಮೂರು ಸಾಲು ಪರಿಚಯ ಬೇಕು, ಓದಿದೋರಿಗೆ ನಗು ಬರ್ಬೇಕು, ಆದ್ರೆ ಇದುವರೆಗೂ ಬರೆದಿದ್ದೆಲ್ಲಾ ಒಂದೋ ಕೆಲಸಕ್ಕೆ ಅರ್ಜಿ ಹಾಕಿದ ಹಾಗಿದೆ, ಇಲ್ಲಾ ವಾಟ್ಸಾಪ್ ಫಾರ್ವರ್ಡ್ ಹಾಗಿದೆ. ನಾನೂ ಇಂಥದ್ದೇ ಒಂದು ಗುಂಪಲ್ಲಿದೀನಿ, ಸ್ಕ್ರಿಪ್ಟ್ ನಂದು, ಹಾಗಾಗಿ ಪ್ರತಿ ಶೋಗೂ ಎಲ್ಲರ ಹತ್ರ ಕೂತು ಈ ಪರಿಚಯದ ಸಾಲು ಬರೆಸೋದೂ ನಂದೇ, ನಂಗೆ ಬಹಳ ಇಷ್ಟದ ಕೆಲಸ ಅದು.

ಮೊದಲು ಒಂದು ಮಾತು. ನಿಮ್ಮ ಬಗ್ಗೆ ಜೋಕ್ ಹುಡುಕೋಕೆ ಹೋಗ್ಬೇಡಿ. ನಿಮ್ಮ ಕೆಲಸದಲ್ಲೇ ದಿನಾ ಒಂದು ವಿಚಿತ್ರ ನಡೀತಿರುತ್ತೆ, ನಿಮಗೆ ಅಭ್ಯಾಸ ಆಗಿ ಕಣ್ಣಿಗೆ ಬೀಳ್ತಿರಲ್ಲ ಅಷ್ಟೇ, ಅದನ್ನ ಹಿಡ್ಕೊಂಡು ಯಾವ ಅಲಂಕಾರನೂ ಇಲ್ದೆ ಸೀದಾ ಹೇಳಿ.

ನಮ್ಮಲ್ಲಿ ಒಬ್ಬಳು ಕೈಗೊಂಬೆ ಆಡಿಸ್ತಾಳೆ. ಅವಳು ಮೊದಲು ಬರ್ಕೊಟ್ಟಿದ್ದು "ಬಾಲ್ಯದಿಂದಲೂ ಕಲೆಯಲ್ಲಿ ಅಪಾರ ಆಸಕ್ತಿ ಹೊಂದಿರುವ ಇವರು" ಅಂತ ಶುರುವಾಗಿತ್ತು, ಅದನ್ನ ಪಕ್ಕಕ್ಕಿಟ್ಟು, ಶೋ ನಡೆಯುವಾಗ ಪರದೆ ಹಿಂದೆ ನಿಂಗೆ ಏನಾಗುತ್ತೆ ಹೇಳು ಅಂದೆ. ಏನಿಲ್ಲ, ಮುಕ್ಕಾಲು ಗಂಟೆ ಬಲಗೈ ತಲೆ ಮೇಲೆ ಎತ್ತಿರ್ಬೇಕು, ಹತ್ತು ನಿಮಿಷಕ್ಕೆ ಭುಜ ಹಿಡ್ಕೊಳ್ಳುತ್ತೆ, ಇಪ್ಪತ್ತಕ್ಕೆ ಬೆರಳು ಜೋಮು ಹಿಡಿಯುತ್ತೆ, ಆದ್ರೂ ಗೊಂಬೆ ತಲೆ ಬಗ್ಗಬಾರ್ದು, ಬಗ್ಗಿದ್ರೆ ಮಕ್ಕಳು ಅದಕ್ಕೆ ನಿದ್ದೆ ಬಂತು ಅಂದ್ಕೊಳ್ತಾರೆ ಅಂದ್ಲು. ಅಲ್ಲಿಗೆ ಸಾಲು ಸಿಕ್ತು. "ಹದಿನಾಲ್ಕು ವರ್ಷದಿಂದ ಕೈ ಎತ್ಕೊಂಡೇ ನಿಂತಿದೀನಿ, ಏನಮ್ಮಾ ನಿನ್ನ ಡೌಟು ಅಂತ ಇನ್ನೂ ಯಾರೂ ಕೇಳಿಲ್ಲ."

ಕಾಮಿಕ್ಸ್ ಬರೆಯೋನದು ಇನ್ನೊಂದು ಥರ. ಅವನ ಪುಟಗಳನ್ನ ನೆಲದ ಮೇಲೆ ಹರಡಿಕೊಂಡು ನೋಡ್ತಿದ್ವಿ, ಒಂದು ಫ್ರೇಮಲ್ಲಿ ಹೀರೋ ಜೇಬಲ್ಲಿ ಕೈ ಇಟ್ಟಿದಾನೆ, ಇನ್ನೊಂದರಲ್ಲಿ ಬೆನ್ನ ಹಿಂದೆ, ಮತ್ತೊಂದರಲ್ಲಿ ಕೈ ಇರೋ ಜಾಗಕ್ಕೆ ಸರಿಯಾಗಿ ಒಂದು ಹೂಕುಂಡ ಬಂದು ಕೂತಿದೆ. ಚಿತ್ರ ಬರೆಯೋರಿಗೆ ಗೊತ್ತಿರುತ್ತೆ, ಮುಖಕ್ಕಿಂತ ಕೈ ಕಷ್ಟ, ಐದು ಬೆರಳು ಐದು ದಿಕ್ಕಿಗೆ ತಿರುಗುತ್ತೆ. ಅವನ ಪರಿಚಯ ಹೀಗಾಯ್ತು: "ನನ್ನ ಪಾತ್ರಗಳೆಲ್ಲಾ ಯಾವಾಗಲೂ ಜೇಬಲ್ಲಿ ಕೈ ಇಟ್ಕೊಂಡಿರ್ತಾರೆ. ಅದು ಸ್ಟೈಲ್ ಅಲ್ಲ, ನಂಗೆ ಕೈ ಬರೆಯೋಕೆ ಬರಲ್ಲ." ಆಮೇಲೆ ಇವರಿಬ್ಬರ ಪರಿಚಯನ ಅಕ್ಕಪಕ್ಕ ಪ್ರಿಂಟ್ ಮಾಡಿಸಿದ್ವಿ, ಒಬ್ಬಳಿಗೆ ಕೈ ಇಳಿಸೋ ಹಾಗಿಲ್ಲ, ಒಬ್ಬನಿಗೆ ಕೈ ಬರೆಯೋಕಾಗಲ್ಲ, ಬೇರೆ ಬೇರೆ ಓದಿದ್ರೆ ಒಂದು ಪಾಲು ನಗು ಬರೋದು ಜೊತೆಗೆ ಓದಿದ್ರೆ ಮೂರು ಪಾಲಾಯ್ತು. ನೀವು ಐದು ಜನ ಇದೀರಲ್ಲ, ದಯವಿಟ್ಟು ಒಬ್ಬೊಬ್ಬರೇ ಮನೇಲಿ ಕೂತು ಬರೆದು ಕಳಿಸ್ಬೇಡಿ, ಒಂದೇ ಕಡೆ ಕೂತು ಬರೀರಿ, ಒಬ್ಬರ ಸಾಲಿಗೆ ಇನ್ನೊಬ್ಬರ ಸಾಲು ಉತ್ತರ ಕೊಡೋ ಹಾಗಾದ್ರೆ ಅದರ ಮಜಾನೇ ಬೇರೆ.

ಸೀದಾ ಹೇಳಿದ್ರೆ ನಗು ಬರುತ್ತಾ ಅಂತ ಅನುಮಾನ ಇದ್ರೆ ಫ್ರಾನ್ಸಿನ ಲೋರಾಂ ಮೂರ್ಗೆ ಅವರ ಜೀವನ ನೋಡಿ, ಗಿನ್ಯೋಲ್ ಅನ್ನೋ ಫೇಮಸ್ ಕೈಗೊಂಬೆ ಮಾಡಿದೋರು. ಲಿಯಾನ್ ಊರಲ್ಲಿ ರೇಷ್ಮೆ ನೇಯೋ ಮನೆತನ, ಆ ಕೆಲಸ ಹೋಯ್ತು, ಹಲ್ಲು ಕೀಳೋಕೆ ಶುರು ಮಾಡಿದ್ರು, ಹಲ್ಲು ಕೀಳಿಸ್ಕೊಳ್ಳೋಕೆ ಜನ ಹತ್ರ ಬರಲಿ ಅಂತ ಗೊಂಬೆ ಆಡಿಸಿದ್ರು, ಗೊಂಬೆ ನೋಡೋಕೆ ಜನ ಎಷ್ಟು ಸೇರಿದ್ರು ಅಂದ್ರೆ 1804ರ ಹೊತ್ತಿಗೆ ಹಲ್ಲಿನ ಕೆಲಸನೇ ಬಿಟ್ಬಿಟ್ರು. ಇದರಲ್ಲಿ ಒಂದು ಅಕ್ಷರನೂ ಜೋಕ್ ಇಲ್ಲ, ಇದಕ್ಕಿಂತ ಒಳ್ಳೆ ಪರಿಚಯ ಯಾರು ಬರೀತಾರೆ ಹೇಳಿ. ಜಪಾನಿನ ಬುನ್ರಾಕು ಅನ್ನೋ ಗೊಂಬೆಯಾಟದಲ್ಲಿ ಒಂದು ಗೊಂಬೆ ಆಡಿಸೋಕೆ ಮೂರು ಜನ, ಹಳೇ ಲೆಕ್ಕದ ಪ್ರಕಾರ ಹತ್ತು ವರ್ಷ ಬರೀ ಕಾಲು ಆಡಿಸ್ಬೇಕು, ಇನ್ನು ಹತ್ತು ವರ್ಷ ಎಡಗೈ, ಆಮೇಲೆ ತಲೆ ಮತ್ತು ಬಲಗೈ ಕೈಗೆ ಬರುತ್ತೆ. "ಕಳೆದ ಹತ್ತು ವರ್ಷದಿಂದ ಎರಡು ಕಾಲು ನೋಡ್ಕೊಳ್ತಿದೀನಿ" ಅಂತ ಅಲ್ಲಿಯೋರು ಯಾರಾದ್ರೂ ಬರ್ಕೊಂಡ್ರೆ ಅದು ಅಚ್ಚ ಸತ್ಯ.

ಇನ್ನೊಂದು ದಾರಿ ಇದೆ, ಗೊಂಬೆಯೋರಿಗೆ ಮಾತ್ರ ಸಿಗೋದು, ಬಿಡ್ಲೇಬೇಡಿ. ಪರಿಚಯನ ಗೊಂಬೆ ಕೈಲಿ ಹೇಳಿಸಿ. ಗೊಂಬೆಗೆ ಮುಲಾಜಿಲ್ಲ. ನಮ್ಮ ತೊಗಲುಗೊಂಬೆಯಾಟದ ಹಾಸ್ಯಗಾರ ಕಿಳ್ಳೇಕ್ಯಾತ ಹೆಂಡ್ತಿ ಬಂಗಾರಕ್ಕನ ಜೊತೆ ಬಂದು ಯಾರನ್ನ ಬೇಕಾದ್ರೂ ಛೇಡಿಸ್ತಾನೆ, ಇಂಗ್ಲೆಂಡಿನ ಪಂಚ್ ಬೊಂಬೆ ಎಲ್ಲರನ್ನೂ ಬಡೀತಾನೆ, ಅವನನ್ನ ಆಡಿಸೋರು ಮಾತ್ರ ತಮ್ಮನ್ನ ತಾವು "ಪ್ರೊಫೆಸರ್" ಅಂತ ಕರ್ಕೊಳ್ತಾರೆ, ತಲೆತಲಾಂತರದಿಂದ ಬಂದಿರೋ ಬಿರುದು ಅದು, ಯಾವ ಯೂನಿವರ್ಸಿಟಿನೂ ಕೊಟ್ಟಿಲ್ಲ. ನಮ್ಮ ಗುಂಪಲ್ಲಿ ಒಂದು ಬೋಳುತಲೆ ತಾತನ ಗೊಂಬೆ ಇದೆ, ಅದರ ಮೂಗಿನ ಬಣ್ಣ ಎರಡು ಸಲ ಎದ್ದು ಹೋಗಿ ಈಗ ಬಾಕಿ ಮುಖಕ್ಕಿಂತ ಸ್ವಲ್ಪ ಕೆಂಪಗಿದೆ. ಆ ತಾತ ಪರದೆ ಮೇಲೆ ಬಂದು ಗಂಟಲು ಸರಿ ಮಾಡ್ಕೊಂಡು ತನ್ನನ್ನ ಆಡಿಸೋನ ಪರಿಚಯ ಮಾಡ್ತಾರೆ: "ಇವನು ಹನ್ನೊಂದು ವರ್ಷದಿಂದ ನನ್ನ ಕೈಕೆಳಗೆ ಕೆಲಸ ಮಾಡ್ತಿದಾನೆ. ಕೈ ಮಾತ್ರ ಅವನದೇ." ಪ್ರತಿ ಸಲನೂ ದೊಡ್ಡೋರಿಗೆ ಅರ್ಧ ಸೆಕೆಂಡ್ ತಡವಾಗಿ ಹೊಳೆಯುತ್ತೆ, ಆ ಅರ್ಧ ಸೆಕೆಂಡಿನ ನಿಶ್ಶಬ್ದ ಕೇಳೋಕೆ ನಾನು ವಿಂಗಲ್ಲಿ ನಿಂತಿರ್ತೀನಿ.

ಕಾಮಿಕ್ಸಿನೋರು ಬೇಕಾದ್ರೆ ಬರೆಯೋದೇ ಬೇಡ, ಚಿತ್ರದಲ್ಲೇ ಮುಗಿಸ್ಬಹುದು. ಜಪಾನಿನ ಹೆಸರಾಂತ ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ತಮ್ಮ ಕಥೆಗಳೊಳಗೆ ತಮ್ಮನ್ನೇ ಟೋಪಿ, ಕನ್ನಡಕ, ದೊಡ್ಡ ಗುಂಡು ಮೂಗು ಹಾಕಿ ಬರ್ಕೊಳ್ತಿದ್ರು. ನೀವೂ ಮೂರು ಫ್ರೇಮ್ ಬರೀರಿ, ಮುಖದಲ್ಲಿ ಒಂದೇ ಒಂದನ್ನ ದೊಡ್ಡದು ಮಾಡಿ, ಎಲ್ಲಾನೂ ದೊಡ್ಡದು ಮಾಡಿದ್ರೆ ಯಾರು ಅಂತನೇ ಗೊತ್ತಾಗಲ್ಲ. ಕೊನೇ ಫ್ರೇಮಲ್ಲಿ ಮಾತು ಬೇಡ.

ಬರೆಯುವಾಗ ಇನ್ನೊಂದು ಗಮನ ಇಡಿ. ಸಾಮಾನ್ಯವಾಗಿ ಈ ಸಾಲನ್ನ ನೀವು ಓದಲ್ಲ, ನಿರೂಪಕರು ಓದ್ತಾರೆ, ಅವರು ಅದನ್ನ ಅದೇ ಮೊದಲ ಸಲ ನೋಡ್ತಿರ್ತಾರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದು ಇಲ್ಲಿ ದೊಡ್ಡ ವರ, "ನಂಗೆ ಕೈ ಬರೆಯೋಕೆ" ಅನ್ನೋವರೆಗೂ ಬರುತ್ತೋ ಬರಲ್ವೋ ಗೊತ್ತಾಗಲ್ಲ, ನಗು ಆ ಕೊನೇ ಪದದಲ್ಲೇ ಇರೋದು, ಅದಾದ್ಮೇಲೆ ಇನ್ನೊಂದು ಪದನೂ ಸೇರಿಸ್ಬೇಡಿ. "ಹಹಹ" ಅಂತೂ ಬೇಡವೇ ಬೇಡ.

ಮತ್ತೆ, ಫ್ರೆಂಡ್ ಬಗ್ಗೆ ಫ್ರೆಂಡ್ ಬರೆಯುವಾಗ ಸ್ವಲ್ಪ ಹುಷಾರು. ನಮ್ಮಲ್ಲೊಬ್ಬಳ ಪರಿಚಯನ ಇನ್ನೊಬ್ಬ ಬರೆದ, "ಬೇರೆ ಎಲ್ಲೂ ಕೆಲಸ ಸಿಗದೆ ಗೊಂಬೆ ಹೊಲಿಯುವವಳು" ಅಂತ. ರಿಹರ್ಸಲ್‌ನಲ್ಲಿ ಅವಳೂ ನಕ್ಕಿದ್ಲು. ಶೋ ದಿನ ಅದನ್ನ ಮೈಕಲ್ಲಿ ಓದಿದಾಗ ಮುಂದಿನ ಸಾಲಲ್ಲಿ ಅವಳ ಅಪ್ಪ ಕೂತಿದ್ರು, ಅವರು ನಗಲಿಲ್ಲ, ಅವಳು ಆವತ್ತು ಕೊನೇ ನಮಸ್ಕಾರಕ್ಕೂ ಹೊರಗೆ ಬರ್ಲಿಲ್ಲ. ನಂಗೆ ಇವತ್ತಿಗೂ ಅದು ಬೇಜಾರೇ, ಬರೆಸಿದ್ದು ನಾನಲ್ವಾ. ಅವಳು ಹೊಲಿದ ಗೊಂಬೆಗಳ ಅಂಗಿಗೆ ನಿಜವಾದ ಜೇಬಿರುತ್ತೆ, ಜೇಬೊಳಗೆ ಒಂದೊಂದು ಪುಟ್ಟ ಕರ್ಚೀಫು ಇರುತ್ತೆ, ಯಾವ ಪ್ರೇಕ್ಷಕನೂ ಅದನ್ನ ನೋಡಿಲ್ಲ. ಈಗಿರೋ ಸಾಲು ಅದರದ್ದೇ: "ನನ್ನ ಒಳ್ಳೆ ಕೆಲಸ ಎಲ್ಲಾ ಗೊಂಬೆಗಳ ಜೇಬಲ್ಲಿದೆ, ಕೇಳಿದ್ರೆ ಅವು ತೋರಿಸಲ್ಲ."

ಆ ಕೈ ಎತ್ತಿರೋಳ ಕಥೆ ಒಂದು ಬಾಕಿ ಇದೆ. ಬ್ರೋಷರ್ ಹಂಚಿದ ಮೊದಲನೇ ಶೋ ಮುಗೀತು, ಲೈಟ್ ಹಾಕಿದ್ರು, ಅವಳು ಗೊಂಬೆ ಕೈಯಿಂದ ತೆಗೀದೇನೇ ಪರದೆ ಪಕ್ಕದಿಂದ ಹೊರಗೆ ಬಂದ್ಲು, ಏಳೆಂಟು ವರ್ಷದ ಹುಡುಗಿಯೊಬ್ಬಳು ಬ್ರೋಷರ್ ಹಿಡ್ಕೊಂಡು ಎದ್ದು ನಿಂತು ತುಂಬಾ ಗಂಭೀರವಾಗಿ "ಆಂಟಿ, ಏನು ನಿಮ್ಮ ಡೌಟು?" ಅಂತ ಕೇಳಿದ್ಲು. ಇವಳಿಗೆ ಮಾತೇ ಹೊರಡ್ಲಿಲ್ಲ. ಗೊಂಬೆನೇ ಆ ಮಗು ಕಡೆ ತಿರುಗಿ, ತಲೆ ವಾರೆ ಮಾಡಿ, "ನಿನ್ನ ಹೆಸರೇನು ಪುಟ್ಟಿ?" ಅಂತು.