ಸಭಾಂಗಣ ದೇಣಿಗೆದಾರರದ್ದಲ್ಲ

ಭಾನುವಾರ ಬೆಳಿಗ್ಗೆ ಚರ್ಚ್‌ ಸಭಾಂಗಣ ಸದಾ ಬೇರೊಂದು ಭಾಷೆಯ ಗುಂಪಿಗೇ, ಕನ್ನಡ ಧರ್ಮೋಪದೇಶಕ್ಕೆ (ಮಕ್ಕಳ ಧರ್ಮಪಾಠಕ್ಕೆ) ಬರುವ ಮಕ್ಕಳಿಗೆ ಜಗಲಿ ಮಾತ್ರ ಎಂದು ಬರೆದಿದ್ದೀರಿ. ಕೇಳಿದರೆ ಆ ಗುಂಪಿನವರು ‘ಕಟ್ಟಲು ಹಣ ಕೊಟ್ಟವರು ನಾವು’ ಎನ್ನುತ್ತಾರಂತೆ. ಆ ವಾದ ನಿಲ್ಲುವುದಿಲ್ಲ. ಕಥೋಲಿಕ ಚರ್ಚ್‌ನ ನಿಯಮಾವಳಿಯಾದ 1983ರ ಕ್ಯಾನನ್ ಕಾನೂನಿನ 515ನೇ ವಿಧಿಯಂತೆ ಧರ್ಮಕೇಂದ್ರವೇ (ಪ್ಯಾರಿಷ್) ಆ ಕಾನೂನಿನ ಕಣ್ಣಲ್ಲಿ ಒಬ್ಬ ವ್ಯಕ್ತಿ. ಅದರ ಹೆಸರಿಗೆ ಬಂದ ಆಸ್ತಿ ಅದರದ್ದೇ. ಅದನ್ನು ನೋಡಿಕೊಳ್ಳುವ ಹೊಣೆ 532ನೇ ವಿಧಿಯಂತೆ ಧರ್ಮಕೇಂದ್ರದ ಗುರುಗಳದ್ದು. ಧರ್ಮಕೇಂದ್ರದ ಸದಸ್ಯರಿರುವ ಪಾಲನಾ ಪರಿಷತ್ತಿಗೆ ಸಲಹೆ ಕೊಡುವ ಅಧಿಕಾರವಷ್ಟೇ ಇದೆ. ಹಾಗಾಗಿ ಅಲ್ಲಿ ಮತಕ್ಕೆ ಎತ್ತುವ ಕೈಗಳನ್ನು ಎಣಿಸುತ್ತಾ ಕೂರಬೇಡಿ, ನೇರವಾಗಿ ಗುರುಗಳನ್ನೇ ಕಾಣಿರಿ.

ದೂರು ಒಯ್ಯಬೇಡಿ, ಒಂದು ಹಾಳೆ ಒಯ್ಯಿರಿ: ಮಕ್ಕಳೆಷ್ಟು, ಎಷ್ಟು ಹೊತ್ತು ಬೇಕು, ಸಭಾಂಗಣ ಖಾಲಿ ಇರುವುದು ಯಾವಾಗ. ಎರಡು ಗುಂಪುಗಳು ವಾರ ಬಿಟ್ಟು ವಾರ ಬಳಸುವ ಪಟ್ಟಿ ಬಾಗಿಲಲ್ಲೇ ತೂಗಲಿ. ಬೀಗದ ಕೈ ಚರ್ಚ್‌ ಕಚೇರಿಯಲ್ಲಿರಲಿ. ಅರ್ಧ ಜಗಳ ಬೀಗದ ಕೈಯದ್ದೇ, ನನ್ನ ಅನುಭವದಲ್ಲಿ.

ಅಲ್ಲಿಯವರೆಗೆ ಬಲಿಪೂಜೆ ಮುಗಿದ ಮೇಲೆ ಚರ್ಚ್‌ನೊಳಗೇ ಪಾಠ ನಡೆಸಲು ಅನುಮತಿ ಕೇಳಿ. ಪವಿತ್ರ ಸ್ಥಳದ ಬಳಕೆ ಕುರಿತ ಅದೇ ಕಾನೂನಿನ 1210ನೇ ವಿಧಿ ಧರ್ಮೋಪದೇಶಕ್ಕೆ ಅಡ್ಡಿಯಾಗದು. ಹುಟ್ಟುಹಬ್ಬದ ಊಟಕ್ಕಾದರೆ ಅಡ್ಡಿಯಾಗುತ್ತದೆ!